ಸಿಪ್ಪೆಯೊಡನೆ ಹುದುಗಿದ ವೈನು, ಜೋಳದ ರೊಟ್ಟಿಯ ಊಟ

ಬಿಳಿ ವೈನ್ ತಯಾರಿಸುವಾಗ ದ್ರಾಕ್ಷಿಯನ್ನು ಹಿಂಡಿ, ಸಿಪ್ಪೆ ಬೀಜಗಳನ್ನು ಬೇರ್ಪಡಿಸಿ, ರಸವನ್ನಷ್ಟೇ ಹುದುಗಲು ಬಿಡುವುದು ವಾಡಿಕೆ. ಕೆಂಪು ವೈನಿಗಾದರೆ ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ರಸದಲ್ಲೇ ಉಳಿಸುತ್ತಾರೆ. ಬಿಳಿ ದ್ರಾಕ್ಷಿಯನ್ನೂ ಹೀಗೆ ಸಿಪ್ಪೆಯೊಡನೆಯೇ ಹುದುಗಿಸಿದಾಗ ದೊರೆಯುವ, ಜೇನುಬಣ್ಣದಿಂದ ತಾಮ್ರವರ್ಣದವರೆಗಿನ ಪಾನೀಯವೇ ಕಿತ್ತಳೆ ವೈನ್. ಅದರಲ್ಲಿ ಕಿತ್ತಳೆ ಹಣ್ಣು ಇರುವುದಿಲ್ಲ. ಬಣ್ಣವನ್ನು ಸೂಚಿಸುವ ಈ ಹೆಸರನ್ನು 2004ರಲ್ಲಿ ಬ್ರಿಟನ್ನಿನ ವೈನ್ ವ್ಯಾಪಾರಿ ಡೇವಿಡ್ ಹಾರ್ವೆ ಬಳಕೆಗೆ ತಂದರು. ಹೆಸರು ಹೊಸದಾದರೂ ವಿಧಾನ ಬಹಳ ಹಳೆಯದು. ಜಾರ್ಜಿಯಾ ದೇಶದಲ್ಲಿ ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಗುಡಾಣಗಳನ್ನು ನೆಲದಲ್ಲಿ ಹೂಳಿ ಅವುಗಳೊಳಗೆ ವೈನ್ ಹುದುಗಿಸುವ ಪರಂಪರೆಯನ್ನು 2013ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಟಲಿಯಲ್ಲಿ ಈ ಕ್ರಮಕ್ಕೆ ಮರುಜೀವ ಬಂದದ್ದು ಸ್ಲೊವೇನಿಯಾದ ಗಡಿಗೆ ತಾಗಿರುವ ಫ್ರಿಯುಲಿ ಪ್ರಾಂತದ ಒಸ್ಲಾವಿಯಾದಲ್ಲಿ. ಅಲ್ಲಿಯ ಯೋಸ್ಕೊ ಗ್ರಾವ್ನರ್ 2000ದಲ್ಲಿ ಜಾರ್ಜಿಯಾಕ್ಕೆ ಹೋಗಿ ಬಂದ ಮೇಲೆ, ರಿಬೊಲ್ಲಾ ಜಾಲ್ಲಾ ಎಂಬ ಸ್ಥಳೀಯ ಬಿಳಿ ದ್ರಾಕ್ಷಿಯನ್ನು ಮಣ್ಣಿನ ಗುಡಾಣಗಳಲ್ಲಿ ತಿಂಗಳುಗಟ್ಟಲೆ ಸಿಪ್ಪೆಯೊಡನೆ ಇರಿಸತೊಡಗಿದರು. ಅಂಥ ವೈನು ಗಾಢವೂ ಒಗರೂ ಆಗಿರುವುದರಿಂದ ಮೊದಲ ಸಲ ಸವಿಯುವವರಿಗೆ ಅದೇ ಪ್ರಾಂತದ ರಮಾತೊ ಹೆಚ್ಚು ಒಪ್ಪುತ್ತದೆ. ನಸುಗೆಂಪು ಸಿಪ್ಪೆಯ ಪಿನೊ ಗ್ರಿಜೊ ದ್ರಾಕ್ಷಿಯ ರಸವನ್ನು ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಮಾತ್ರ ಸಿಪ್ಪೆಯೊಡನೆ ಬಿಟ್ಟು ಪಡೆಯುವ ಈ ತಾಮ್ರವರ್ಣದ ವೈನಿನಲ್ಲಿ ಹಣ್ಣಿನ ಪರಿಮಳ ಉಳಿದಿರುತ್ತದೆ, ಒಗರು ಹಿತಮಿತವಾಗಿರುತ್ತದೆ.

ಈ ಒಗರಿಗೆ ಕಾರಣ ಸಿಪ್ಪೆ ಬೀಜಗಳಲ್ಲಿರುವ ಟ್ಯಾನಿನ್. ಎಳೆಯ ನೇರಳೆಕಾಯಿ ಕಚ್ಚಿದಾಗ ನಾಲಗೆ ಬಿಗಿದುಕೊಳ್ಳುವಂತೆ ಮಾಡುವುದು ಇದೇ ಬಗೆಯ ಅಂಶ. ಟ್ಯಾನಿನ್ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಬಾಯಿಯನ್ನು ಒಣಗಿಸುತ್ತದೆಯಾದರೂ, ಊಟದಲ್ಲಿ ಎಣ್ಣೆಯೂ ಪ್ರೋಟೀನೂ ಧಾರಾಳವಾಗಿದ್ದರೆ ಅದರ ಬಿರುಸು ತಗ್ಗಿ ಒಗರು ಹಿತವೆನಿಸುತ್ತದೆ. ಹೀಗಾಗಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಊಟಕ್ಕೆ ಈ ವೈನು ಪರಕೀಯವಾಗುವುದಿಲ್ಲ. ಶೇಂಗಾ, ಎಳ್ಳು, ಗುರೆಳ್ಳುಗಳ ಮೇಲೆ ನಿಂತ ಈ ಅಡುಗೆ ಅದಕ್ಕೆ ಸರಿಸಾಟಿಯಾದ ಜೊತೆಯೇ ಆಗಿದೆ.

ಎಣ್ಣೆಗಾಯಿಯನ್ನೇ ಗಮನಿಸಬಹುದು. ಸೀಳಿದ ಎಳೆ ಬದನೆಕಾಯಿಗೆ ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಖಾರದ ಪುಡಿಗಳನ್ನು ತುಂಬಿ, ಎಣ್ಣೆ ಮೇಲೆ ತೇಲುವವರೆಗೆ ಬೇಯಿಸಿ, ಕಟಕ್ ರೊಟ್ಟಿಯ ಚೂರಿನೊಡನೆ ಬಾಯಿಗಿಟ್ಟಾಗ ಎಣ್ಣೆಯ ಪದರ ನಾಲಗೆಯ ಮೇಲೆ ನಿಲ್ಲುತ್ತದೆ. ಒಂದು ಗುಟುಕು ರಮಾತೊ ಅದನ್ನು ತೊಳೆದು, ಮುಂದಿನ ತುತ್ತಿನಲ್ಲಿ ಶೇಂಗಾದ ರುಚಿ ಹೊಸದಾಗಿ ತಿಳಿಯುವಂತೆ ಮಾಡುತ್ತದೆ. ಪುಂಡಿಪಲ್ಯದ ಲೆಕ್ಕ ಬೇರೆ. ಊಟದ ಹುಳಿ ವೈನಿನ ಹುಳಿಗಿಂತ ಮಿಗಿಲಾದರೆ ವೈನು ಸಪ್ಪೆಯೆನಿಸುವುದರಿಂದ, ಬೆಳ್ಳುಳ್ಳಿ ಒಗ್ಗರಣೆಯ ಪುಂಡಿಪಲ್ಯಕ್ಕೆ ರಮಾತೊಗಿಂತ ಹುಳಿ ಹೆಚ್ಚಿರುವ ರಿಬೊಲ್ಲಾ ಜಾಲ್ಲಾ ತಕ್ಕದ್ದು. ಸಿಂಧನೂರಿನ ಸುತ್ತಲ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳ ಅಡುಗೆಯಲ್ಲಿ ಬರುವ, ಸಾಸಿವೆ ಅರೆದು ಮಾಡಿದ ಮೀನಿನ ಸಾರೂ ಇದಕ್ಕೆ ಒಗ್ಗುತ್ತದೆ, ಏಕೆಂದರೆ ಸಾಸಿವೆಯ ಘಾಟು ಮೂಗಿಗೆ ಏರಿ ಬೇಗನೆ ಇಳಿಯುತ್ತದೆ, ಮೆಣಸಿನಕಾಯಿಯ ಖಾರದಂತೆ ನಾಲಗೆಯಲ್ಲಿ ಉಳಿಯುವುದಿಲ್ಲ. ಆಲ್ಕೋಹಾಲು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುವುದರಿಂದ ಮಂಡಾಳ ಒಗ್ಗರಣೆಯ ಪಕ್ಕದ ಬಿಸಿ ಮಿರ್ಚಿಗೆ ಮಾತ್ರ ವೈನು ಸಲ್ಲದು. ಅಲ್ಲಿ ಮಜ್ಜಿಗೆಯೇ ಲೇಸು.

ಬಡಿಸುವ ತಂಪಿನ ವಿಷಯದಲ್ಲಿಯೂ ವಿವೇಕ ಬೇಕು. ಬಿಳಿ ವೈನಿನಂತೆ ಅತಿಯಾಗಿ ತಂಪು ಮಾಡಿದರೆ ಒಗರು ಒರಟಾಗಿ ಪರಿಮಳ ಮುಚ್ಚಿಹೋಗುತ್ತದೆ. ರಾಯಚೂರು ಸೀಮೆಯ ಬೇಸಿಗೆಯ ಕೋಣೆಯಲ್ಲಿ ಹಾಗೆಯೇ ಇಟ್ಟರೆ ಆಲ್ಕೋಹಾಲಿನ ಘಾಟೇ ಮುಂದಾಗುತ್ತದೆ. ಸುಮಾರು 12ರಿಂದ 14 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹದವಾದ ಉಷ್ಣತೆ.

ದ್ರಾಕ್ಷಿ ಈ ಭಾಗಕ್ಕೆ ಹೊಸ ಬೆಳೆಯೂ ಅಲ್ಲ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದಿದೆ. ಲಿಂಗಸುಗೂರಿನ ನೆರೆಯ ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಬಳಿ ಕೃಷ್ಮಾ ಎಸ್ಟೇಟ್ ಇಟಲಿ ಮೂಲದ ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿಯಿಂದಲೂ ವೈನ್ ತಯಾರಿಸಿದೆ. ಇಟಲಿಯ ತಳಿ ಈ ಒಣ ಸೀಮೆಯಲ್ಲಿ ಫಲ ಕೊಟ್ಟಿರುವಾಗ, ಸಿಪ್ಪೆಯ ಸತ್ವವನ್ನು ಕಳೆಯದೆ ಬಿಳಿ ದ್ರಾಕ್ಷಿಯನ್ನು ಹುದುಗಿಸುವ ಪ್ರಯೋಗವೂ ಇಲ್ಲಿ ನಡೆಯಬೇಕು. ನಡೆದಾಗ ಅದರ ಗುಣವನ್ನು ಐರೋಪ್ಯ ಭೋಜನದ ಅಳತೆಯಿಂದಲ್ಲದೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಗಳ ಊಟದೊಡನೆ ಇಟ್ಟು ತೂಗುವುದೇ ನ್ಯಾಯ.