ಎಂಟನೇ ಹಾಳೆ

ಬೇಸಿಗೆ ರಜೆಯಲ್ಲಿ ತಿಪಟೂರಿನ ಅಕ್ಕನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಕರೆಂಟ್ ಹೋಯ್ತು. ಟಿವಿ ಇಲ್ಲ, ವೈಫೈ ಇಲ್ಲ. ಜಗಲಿ ಮೇಲೆ ಬೀದಿಯ ಎಂಟು ಮಕ್ಕಳು. ಅಕ್ಕನ ಮಗಳು ಕೇಳಿದಳು: “ಮಾಮ, ನೀನು ಸಾಫ್ಟ್‌ವೇರ್ ಅಲ್ವಾ? ಗೂಗಲ್‌ಗೆ ಎಲ್ಲಾ ಅಷ್ಟು ಬೇಗ ಹೇಗೆ ಸಿಗತ್ತೆ?”

ಹಳೇ ನೋಟ್‌ಬುಕ್ಕಿನಿಂದ ಹಾಳೆ ಹರಿದು ಎಲ್ಲರಿಗೂ ಒಂದೊಂದು ಕೊಟ್ಟೆ. “ಮಾವಿನ ಬಗ್ಗೆ ನಾಲ್ಕು ಸಾಲು ಬರೀರಿ.” ಹಾಳೆಗಳಿಗೆ ನಂಬರ್ ಹಾಕಿ, “ಉಪ್ಪಿನಕಾಯಿ ಅನ್ನೋ ಪದ ಎಲ್ಲೆಲ್ಲಿದೆ, ಹುಡುಕಿ” ಅಂದೆ. ಎಲ್ಲವನ್ನೂ ಓದಿ ಮುಗಿಸೋಕೆ ಐದು ನಿಮಿಷ ಹಿಡೀತು. ಆಮೇಲೆ ಒಂದೊಂದು ಪದದ ಮುಂದೆ ಅದು ಸಿಗುವ ಹಾಳೆಗಳ ನಂಬರ್ ಬರೆಸಿ ಪಟ್ಟಿ ಮಾಡಿಸಿದೆ. “ಈಗ ‘ಹಣ್ಣು’ ಎಲ್ಲಿದೆ?”

“ಎರಡು, ಐದು, ಎಂಟು!” ಥಟ್ಟಂತ ಉತ್ತರ ಬಂತು.

ಗುಟ್ಟು ಇಷ್ಟೇ. ನಾವು ಕೇಳಿದಾಗ ಗೂಗಲ್ ಇಂಟರ್ನೆಟ್ಟನ್ನೆಲ್ಲ ಓದ್ತಾ ಕೂರಲ್ಲ. ಮೊದಲೇ ಓದಿ ಪಟ್ಟಿ ಮಾಡಿಟ್ಕೊಂಡಿರತ್ತೆ.

“ಮೂರರಲ್ಲಿ ಮೊದಲು ಯಾವುದು ತೋರಿಸೋದು?” 1998ರಲ್ಲಿ ಗೂಗಲ್ ಕಂಪನಿ ಶುರು ಮಾಡಿದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ ತಲೆಕೆಡಿಸಿಕೊಂಡದ್ದೂ ಇದಕ್ಕೇ. ಅವರ ಉಪಾಯ ಪೇಜ್‌ರ‍್ಯಾಂಕ್: ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ವೋಟು. ತಾನೇ ತುಂಬಾ ವೋಟು ಪಡೆದ ಪುಟ ಹಾಕುವ ವೋಟಿಗೆ ತೂಕ ಜಾಸ್ತಿ. ಇವತ್ತಿನ ಗೂಗಲ್ ಇನ್ನೂ ನೂರೆಂಟು ಸಂಗತಿ ನೋಡತ್ತೆ, ಅದು ಬೇರೆ ಮಾತು.

ಅಕ್ಕ ಹೂ ಕಟ್ಟುವ ದಾರ ತಂದೆವು. ಒಬ್ಬೊಬ್ಬರೂ ತಮಗಿಷ್ಟವಾದ ಒಂದು ಹಾಳೆಗೆ ದಾರ ಎಳೆಯಬೇಕು. ಅಕ್ಕನ ಮಗಳ ಎರಡನೇ ಹಾಳೆಗೆ ನಾಲ್ಕು ದಾರ, ಕ್ರಿಕೆಟ್ ಕ್ಯಾಪ್ಟನ್ನಿನ ಐದಕ್ಕೆ ಮೂರು. ಎಂಟಕ್ಕೆ ಒಂದೂ ಇಲ್ಲ.

ಎಂಟನೇ ಹಾಳೆಯ ಹುಡುಗಿ ಬೀದಿಗೆ ಹೊಸಬಳು. ಅಪ್ಪ ಮಾವಿನ ತೋಪು ಗುತ್ತಿಗೆ ಹಿಡಿಯೋರು. ಉಳಿದವರು ‘ಮಾವು ರುಚಿಯಾದ ಹಣ್ಣು’ ಅಂತ ಬರೆದಿದ್ದರೆ, ಕಾಯಿ ಬಲಿತಿದೆ ಅಂತ ತಿಳಿಯೋದು ಹೇಗೆ, ಹುಲ್ಲಲ್ಲಿ ಅಡೆ ಹಾಕಿ ಹಣ್ಣು ಮಾಡೋದು ಹೇಗೆ ಅಂತ ಅವಳೊಬ್ಬಳೇ ಬರೆದಿದ್ದಳು.

“ಅವಳದ್ದು ಚೆನ್ನಾಗಿಲ್ವಾ ಮಾಮ?”

“ಚೆನ್ನಾಗಿದೆ.”

“ಮತ್ತೆ ಯಾಕೆ ಕೊನೇಲಿ?”

“ಎಲ್ರೂ ತಮ್ಮ ಫ್ರೆಂಡ್ಸಿಗೇ ದಾರ ಹಾಕಿದ್ರಲ್ಲ.”

ಹೇಳಿದ ಮೇಲೆ ನನಗೇ ಕಸಿವಿಸಿ. ಟೀಮಿಗೆ ಜನ ಬೇಕಾದಾಗ ಪರಿಚಯದವರು ಕಳಿಸಿದ ರೆಸ್ಯೂಮೆಗಳನ್ನೇ ಮೊದಲು ತೆರೆಯೋನು ನಾನು. ಕೊನೆಯವನ್ನು ಎಷ್ಟೋ ಸಲ ತೆರೆದೂ ನೋಡಿಲ್ಲ.

ಅಕ್ಕನ ಮಗಳು ಎಂಟನೇ ಹಾಳೆಯನ್ನು ಇನ್ನೊಂದ್ಸಲ ಓದಿದಳು. ಕ್ಯಾಪ್ಟನ್ ಕಡೆಯಿದ್ದ ತನ್ನ ದಾರ ಬಿಚ್ಚಿ ಇತ್ತ ಎಳೆದಳು. ಮೇಲಿದ್ದವಳ ಆ ಒಂದೇ ದಾರಕ್ಕೆ ಎಂಟು ಎರಡನೇ ಜಾಗಕ್ಕೆ ಬಂತು. ಕ್ಯಾಪ್ಟನ್ ಮುಖ ಊದಿಸಿಕೊಂಡ. ಹೊಸ ಹುಡುಗಿ ಮೊದಲ ಸಲ ಬಾಯಿಬಿಟ್ಟಳು: “ನಮ್ಮನೇಲಿ ಅಡೆ ಹಾಕಿದೀವಿ. ನೋಡ್ತೀರಾ?”

ಎಂಟೂ ಮಕ್ಕಳು ಓಡಿದರು. ಕರೆಂಟ್ ಬಂದಾಗ ಜಗಲಿಯಲ್ಲಿ ನಾನೊಬ್ಬನೇ, ದಾರ ಸುತ್ತುತ್ತಾ ಕೂತಿದ್ದೆ.

ಸೋಮವಾರ ಆಫೀಸಿಗೆ ಬಂದವನೇ ರೆಸ್ಯೂಮೆ ಪಟ್ಟಿಯನ್ನು ಕೆಳಗಿನಿಂದ ಓದೋಕೆ ಶುರು ಮಾಡಿದೆ.