ನವಿಲುತೀರ್ಥದ ಕಂದರದಲ್ಲಿ ಒಂದು ಹಗಲು

ಬೆಳಗಾವಿ ಜಿಲ್ಲೆಗೆ ಬಂದ ಪ್ರವಾಸಿಗಳಲ್ಲಿ ಗೋಕಾಕದ ಜಲಪಾತವನ್ನು ನೋಡದೆ ಹಿಂದಿರುಗುವವರು ವಿರಳ. ಘಟಪ್ರಭೆ ಅಲ್ಲಿ ಕಲ್ಲಿನ ಅಂಚಿನಿಂದ 52 ಮೀಟರು ಆಳಕ್ಕೆ ಧುಮುಕಿ ಭೋರ್ಗರೆಯುತ್ತದೆ. ಗರ್ಜಿಸುವವರ ಕಡೆಗೆ ಜನರ ಕಣ್ಣು ಬೇಗ ಹೊರಳುವುದು ಸಹಜ. ಅದೇ ಜಿಲ್ಲೆಯಲ್ಲಿ ಮಲಪ್ರಭೆ ಮಾಡಿರುವ ಸಾಹಸ ಇದಕ್ಕಿಂತ ಕಡಿಮೆಯದಲ್ಲ. ಸವದತ್ತಿಗೂ ಮುನವಳ್ಳಿಗೂ ನಡುವೆ ಅಡ್ಡಲಾಗಿ ಮಲಗಿದ ಗುಡ್ಡದ ಸಾಲನ್ನು ಅದು ಸುತ್ತುಹಾಕಿಯೂ ಹೋಗಿಲ್ಲ, ಮೇಲಿನಿಂದ ಹಾರಿಯೂ ಹೋಗಿಲ್ಲ. ನಟ್ಟನಡುವೆ ಸೀಳಿಕೊಂಡೇ ಹೊರಟುಹೋಗಿದೆ. ಆ ಸೀಳಿಗೆ ನವಿಲುತೀರ್ಥವೆಂದು ಹೆಸರು. ಅಲ್ಲಿಗೆ ಹೋಗಿಬಂದೆವೆಂದು ಹೇಳುವವರು ಬಹಳ ಮಂದಿಯಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಕಂಡದ್ದು ಆಣೆಕಟ್ಟನ್ನು, ಕಂದರವನ್ನಲ್ಲ.

ಕಂದರವನ್ನು ಕಾಣಬೇಕಾದರೆ ತೋರಿಸುವವರೊಬ್ಬರು ಬೇಕು. ದೀಪಾವಳಿ ಕಳೆದ ಒಂದು ರವಿವಾರ ಕಿತ್ತೂರಿನಿಂದ ಹೊರಟ ಕ್ರೂಸರ್ ಗಾಡಿಯಲ್ಲಿ ಅಂಥವರೊಬ್ಬರಿದ್ದರು. ಮುನವಳ್ಳಿಯಲ್ಲಿ ನೆಲೆಸಿರುವ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರರು; ಬಿಳಿಯ ಧೋತರ, ತಲೆಗೆ ಟೋಪಿ, ಕೈಯಲ್ಲೊಂದು ಬಿದಿರಿನ ಕೋಲು. ಎಂಟು ಜನಕ್ಕಿಂತ ಹೆಚ್ಚಾದರೆ ಅವರು ಒಪ್ಪುವುದಿಲ್ಲ. "ಮಂದಿ ಹೆಚ್ಚಾತಂದ್ರ ಹಿಂದಿನವ್ರಿಗೆ ಕೇಳಂಗಿಲ್ಲ, ಮುಂದಿನವ್ರು ನಿಲ್ಲಂಗಿಲ್ಲ" ಎಂಬುದು ಅವರ ಲೆಕ್ಕ. ಅಂದಿನ ಎಂಟು ಜನರಲ್ಲಿ ಹುಬ್ಬಳ್ಳಿಯ ದಂಪತಿಗಳು ಮತ್ತು ಅವರ ಹನ್ನೆರಡು ವರ್ಷದ ಮಗಳು, ಬೈಲಹೊಂಗಲದ ಹತ್ತಿ ವ್ಯಾಪಾರಿಗಳಾದ ಅಣ್ಣತಮ್ಮಂದಿರು, ಕಿತ್ತೂರಿನ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ರಾಮದುರ್ಗ ತಾಲೂಕಿನ ಹೊಳೆದಂಡೆಯ ಒಬ್ಬ ರೈತ. ಬೀಗರ ಮನೆಗೆಂದು ಕಿತ್ತೂರಿಗೆ ಬಂದಿದ್ದ ಆ ರೈತ, ತನ್ನ ಊರಿನ ಹೊಳೆಯ ತಲೆಬಾಗಿಲನ್ನು ಒಮ್ಮೆ ನೋಡಿಯೇ ಹೋಗೋಣವೆಂದು ಗಾಡಿ ಹತ್ತಿದ್ದ.

ಕಿತ್ತೂರಿನ ಕೋಟೆ ಇಂದು ಕುಸಿದ ಗೋಡೆಗಳ ರಾಶಿ. 1824ರ ಅಕ್ಟೋಬರಿನಲ್ಲಿ ಇದೇ ಬಾಗಿಲಿನ ಮುಂದೆ ಕಂಪನಿ ಸರಕಾರದ ಅಧಿಕಾರಿ ಥ್ಯಾಕರೆ ಮಡಿದನು. ಅದೇ ವರ್ಷ ಡಿಸೆಂಬರಿನಲ್ಲಿ ಕೋಟೆ ಬಿದ್ದು, ರಾಣಿ ಚೆನ್ನಮ್ಮ ಸೆರೆಯಾಗಿ ಬೈಲಹೊಂಗಲ ಸೇರಿ, 1829ರಲ್ಲಿ ಅಲ್ಲಿಯೇ ತೀರಿಕೊಂಡಳು. ಅವಳ ಸಮಾಧಿ ಬೈಲಹೊಂಗಲದ ಊರ ನಡುವೆಯೇ ಇದೆ. ಗಾಡಿ ಅಲ್ಲಿ ಕಾಲು ಗಂಟೆ ನಿಂತಿತು. ಕಿತ್ತೂರಿನ ಹುಡುಗರಿಬ್ಬರೂ ಚಪ್ಪಲಿ ಕಳಚಿ ಒಳಗೆ ಹೋಗಿ ಬಂದರು.

ಆದರೆ ಮಾಸ್ತರರು ಮೊದಲು ತೋರಿಸಿದ್ದು ಕೋಟೆಯನ್ನಲ್ಲ, ಹೊಳೆಯನ್ನು. ಕಿತ್ತೂರಿಗೆ ಸಮೀಪದ ಎಂ. ಕೆ. ಹುಬ್ಬಳ್ಳಿಯಲ್ಲಿ ಹೆದ್ದಾರಿಯ ಸೇತುವೆಯ ಬಳಿ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪ ನೀರಿನ ನಡುವೆ ನಿಂತಿರುವಲ್ಲಿ, ಎಲ್ಲರನ್ನೂ ಇಳಿಸಿ ಹರಿಯುವ ನೀರನ್ನು ನೋಡಿಸಿದರು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸಹ್ಯಾದ್ರಿಯ ಮಳೆಯನ್ನೆಲ್ಲ ಹೊತ್ತು, ಒಣ ಸೀಮೆಗೆ ನೀರು ತರುವ ಹೊಳೆ ಇದು. ಒಟ್ಟು 304 ಕಿಲೋಮೀಟರು ನಡೆದು ಕೃಷ್ಣೆಯನ್ನು ಸೇರುತ್ತದೆ. "ಈ ನೀರಿನ ಗುರುತು ಇಟ್ಕೊಳ್ರಿ. ಮಧ್ಯಾಹ್ನ ಮತ್ತ ಭೆಟ್ಟಿಯಾಗೂನು" ಎಂದರು. ಎಲ್ಲರೂ ನಕ್ಕರು.

ಬೈಲಹೊಂಗಲ ದಾಟಿದ ಮೇಲೆ ಎರೆಭೂಮಿ. ಹತ್ತಿ ಒಡೆದು ನಿಂತಿತ್ತು. ಹಿಂಗಾರಿ ಜೋಳ ಬೆರಳುದ್ದ ಎದ್ದಿತ್ತು. ದಾರಿ ಬಳಸಿ ಸೊಗಲಕ್ಕೆ ಹೋಗಿ, ಸೋಮೇಶ್ವರನ ಗುಡಿಯ ಮಗ್ಗುಲಲ್ಲಿ ಬಂಡೆಯಿಂದ ಇಳಿಯುವ ಝರಿಯ ಕೆಳಗೆ ಹುಡುಗಿ ತಲೆ ಒಡ್ಡಿ ನೆನೆದಳು. ಸಮಯವಿದ್ದವರು ರಾಮದುರ್ಗದ ಕಡೆಗೆ ಸಾಗಿ ಸುರೇಬಾನದ ಬಳಿಯ ಶಬರಿಕೊಳ್ಳವನ್ನೂ ನೋಡಬಹುದು. ಶಬರಿ ರಾಮನಿಗೆ ಬೋರೆಹಣ್ಣು ತಿನಿಸಿದ ಠಾವು ಅದೇ ಎಂದು ಆ ಸೀಮೆಯ ಜನರ ನಂಬಿಕೆ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿಬಿಡುವ ಹಟ ಮಾತ್ರ ಬೇಡ. ಹಾಗೆ ಓಡಿದವರಿಗೆ ಊರುಗಳ ಹೆಸರು ನೆನಪಿರುತ್ತದೆ, ಊರು ನೆನಪಿರುವುದಿಲ್ಲ.

ಮುನವಳ್ಳಿಯಲ್ಲಿ ಮಲಪ್ರಭೆ ಮತ್ತೆ ಭೆಟ್ಟಿಯಾಯಿತು. ಮಾಸ್ತರರ ಜಾಣತನವಿರುವುದು ಇಲ್ಲಿಯೇ. ಸಾಮಾನ್ಯವಾಗಿ ಗಾಡಿಗಳು ನೆಟ್ಟಗೆ ಆಣೆಕಟ್ಟಿನ ಮೇಲ್ಗಡೆಗೆ ಹೋಗಿ ನಿಲ್ಲುತ್ತವೆ. ಅಲ್ಲಿಂದ ನೋಡಿದರೆ ಕಣ್ಣೆಲ್ಲ ನೀರಿನ ಮೇಲೆ ಹೋಗುತ್ತದೆ, ಕಂದರ ಬೆನ್ನ ಹಿಂದೆ ಉಳಿಯುತ್ತದೆ. ಇವರು ಕೆಳಗಿನಿಂದ, ಹೊಳೆ ಹೊರಬರುವ ಕಡೆಯಿಂದ ನಡೆಸಿದರು. ಎರಡು ಕಡೆಯೂ ಕಂದು ಬಣ್ಣದ ಕಲ್ಲು, ಇಟ್ಟಿಗೆ ಪೇರಿಸಿದಂತೆ ಪದರ ಪದರವಾಗಿ ಮೇಲೇರಿದೆ. ಸಂದುಗಳಲ್ಲಿ ಕಳ್ಳಿ, ಕುರುಚಲು ಗಿಡ. ಎಡಬಲದ ಪದರಗಳನ್ನು ಕೋಲಿನಿಂದ ತೋರಿಸುತ್ತ, "ಈ ಕಡೆ ದಪ್ಪನ್ನ ಪದರ ನೋಡ್ರಿ, ಅದರ ಮ್ಯಾಲ ತೆಳ್ಳಂದು. ಈಗ ಆ ಕಡೆ ನೋಡ್ರಿ" ಎಂದರು. ಹರಿದ ಕಾಗದದ ಎರಡು ತುಂಡುಗಳಂತೆ ಎರಡು ದಂಡೆಗಳೂ ಹೊಂದಿಕೊಳ್ಳುತ್ತಿದ್ದವು. ಒಂದೇ ಗುಡ್ಡವೆಂಬುದು ಮಗುವಿಗೂ ತಿಳಿಯುವಂತಿತ್ತು.

ಈ ಕಲ್ಲಿನ ಕಥೆ ದೊಡ್ಡದು. ಭೂಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಶಿಲೆಗಳ ಕುರಿತು ಪ್ರಕಟಿಸಿದ ವರದಿಯಲ್ಲಿ ಇವನ್ನು ಕಲಾದಗಿ ಶ್ರೇಣಿಯೆಂದು ವಿವರಿಸಿದನು. ಇಂದಿನ ಶಾಸ್ತ್ರಜ್ಞರ ಪುಸ್ತಕಗಳಲ್ಲಿ ಆ ಶ್ರೇಣಿಯ ಕೆಳಗಿನ ಒಂದು ಭಾಗಕ್ಕೆ ರಾಮದುರ್ಗದ ಹೆಸರು, ಅದರೊಳಗಿನ ಬೆಣಚುಕಲ್ಲಿಗೆ ಸವದತ್ತಿಯ ಹೆಸರು. ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ನೀರಿನ ತಳದಲ್ಲಿ ಕುಳಿತ ಮರಳು ಹೆಪ್ಪುಗಟ್ಟಿ ಕಲ್ಲಾದದ್ದು ಇದು. ಈ ಜಾತಿಯ ಕಲ್ಲಿನ ಮೇಲೆ ಅಲ್ಲಲ್ಲಿ ಅಲೆಗಳ ಗುರುತು ಕಾಣುತ್ತದೆ. ಮಾಸ್ತರರು ಅಂಥ ಒಂದು ಹಾಸುಗಲ್ಲಿನ ಮೇಲೆ ಹುಡುಗಿಯ ಅಂಗೈಯನ್ನು ಇಡಿಸಿದರು. ಕೆರೆಯಂಚಿನ ಕೆಸರು ಒಣಗಿದಂತೆ ಸಣ್ಣ ಸಣ್ಣ ಏರಿಳಿತಗಳು ಕೈಗೆ ಹತ್ತಿದವು.

"ಗುಡ್ಡ ಅಡ್ಡ ಇದ್ರೂ ಹೊಳಿ ಯಾಕ ಸುತ್ತಿ ಹೋಗಲಿಲ್ಲರಿ?" ಎಂದು ಕಿತ್ತೂರಿನ ಹುಡುಗರಲ್ಲೊಬ್ಬ ಕೇಳಿದ. ಯೋಗ್ಯವಾದ ಪ್ರಶ್ನೆ. ಹೊಳೆ ಬಂದಾಗ ಗುಡ್ಡ ಗುಡ್ಡವಾಗಿರಲಿಲ್ಲವೆಂಬುದು ಇಂಥ ಕಂದರಗಳಿಗೆ ಶಾಸ್ತ್ರಜ್ಞರು ಕೊಡುವ ಉತ್ತರಗಳಲ್ಲೊಂದು. ನೆಲವೆಲ್ಲ ಎತ್ತರದಲ್ಲಿ ಸಮವಾಗಿದ್ದ ಕಾಲದಲ್ಲಿ ಹೊಳೆ ತನ್ನ ದಾರಿ ಹಿಡಿಯಿತು. ಕಾಲಾಂತರದಲ್ಲಿ ಮೆತ್ತಗಿನ ನೆಲ ಸವೆದು ತಗ್ಗಾಯಿತು, ಗಟ್ಟಿ ಬೆಣಚು ಗುಡ್ಡವಾಗಿ ಉಳಿಯಿತು. ಹೊಳೆ ಮಾತ್ರ ಹಿಡಿದ ದಾರಿ ಬಿಡದೆ ಕೊರೆಯುತ್ತ ಇಳಿಯಿತು.

ಹಿಂದೆ ಈ ಕಂದರದ ಮಡುವಿಗೆ ನವಿಲುಗಳ ಹಿಂಡು ನೀರು ಕುಡಿಯಲು ಬರುತ್ತಿದ್ದುದರಿಂದ ನವಿಲುತೀರ್ಥವೆಂಬ ಹೆಸರು ಬಂತೆಂದು ಹೇಳುತ್ತಾರೆ. "ಈಗ ನವಿಲು ಎಲ್ಲಿ ಅದಾವ್ರಿ ಅಜ್ಜಾರ?" ಎಂದಳು ಹುಡುಗಿ. "ಮುಂಜಾನೆ ಗುಡ್ಡದಾಗ ಕೂಗ್ತಾವ ಯವ್ವಾ. ನಾವು ಬರೂ ಹೊತ್ತಿಗೆ ಅವು ಮನೀಗೆ ಹೋಗಿರ್ತಾವ."

ಗಾಡಿ ಮೇಲೇರಿ ಜಲಾಶಯದ ಅಂಚಿಗೆ ಬಂದಿತು. ಕಂದರದ ಇಕ್ಕಟ್ಟೇ ಇಲ್ಲಿ ಆಣೆಕಟ್ಟನ್ನು ಕರೆದು ತಂದಿತೆನ್ನಬಹುದು. ಎರಡು ಗುಡ್ಡಗಳ ನಡುವಿನ ಸೀಳನ್ನು ಮುಚ್ಚಲು ಸುಮಾರು 155 ಮೀಟರು ಉದ್ದದ ಕಟ್ಟೆ ಸಾಕಾಯಿತು. ಎತ್ತರ ಸುಮಾರು 40 ಮೀಟರು. 1970ರ ದಶಕದ ಮೊದಲ ವರ್ಷಗಳಲ್ಲಿ ಆ ಬಾಗಿಲು ಮುಚ್ಚಿದೊಡನೆ ಹಿಂದಿನ ಬಯಲೆಲ್ಲ ರೇಣುಕಾಸಾಗರವಾಯಿತು. ಪೂರ್ಣ ಮಟ್ಟ 2079.50 ಅಡಿ, ಹಿಡಿಯುವ ನೀರು ಸುಮಾರು 37.73 ಟಿಎಂಸಿ. ಇಷ್ಟು ಗಿಡ್ಡ ಕಟ್ಟೆ ಇಷ್ಟು ದೊಡ್ಡ ನೀರನ್ನು ತಡೆದು ನಿಂತಿರುವುದನ್ನು ನೋಡಿದರೆ, ಬಂಗಾರದ ಚೀಲದ ಬಾಯಿಗೆ ನೂಲಿನೆಳೆ ಕಟ್ಟಿದ ಹಾಗೆ ಕಾಣುತ್ತದೆ. ಬಲದಂಡೆಯ ಕಾಲುವೆ ನರಗುಂದ, ನವಲಗುಂದಗಳ ಕಡೆಗೆ, ಎಡದಂಡೆಯದು ರಾಮದುರ್ಗ, ಬಾದಾಮಿಗಳ ಕಡೆಗೆ ಹೊರಡುತ್ತದೆ. ಹುಬ್ಬಳ್ಳಿ-ಧಾರವಾಡಗಳ ನಲ್ಲಿಗಳಿಗೂ ಇಲ್ಲಿಂದಲೇ ನೀರು.

ನೀರಿನಂಚಿನ ಜಾಲಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹುಬ್ಬಳ್ಳಿಯ ಗೃಹಿಣಿ ನೀರಿನ ವಿಸ್ತಾರ ನೋಡಿ ಬೆರಗಾಗಿ, "ಇಷ್ಟು ನೀರಿದ್ರೂ ನಮಗ ವಾರಕ್ಕೊಮ್ಮೆ ಬಿಡ್ತಾರಲ್ರೀ!" ಎಂದಳು. ರಾಮದುರ್ಗದ ರೈತ ಅಲ್ಲಿಯವರೆಗೆ ಹೆಚ್ಚು ಮಾತಾಡಿದವನಲ್ಲ. ರೊಟ್ಟಿ ಮುರಿಯುತ್ತಲೇ, "ಅಕ್ಕಾರ, ನಮಗ ಒಮ್ಮೊಮ್ಮೆ ಒಂದ ದಿನಕ್ಕ ಹತ್ತು ವರ್ಷದ್ದು ಬಿಡ್ತಾರ್ರಿ" ಎಂದ.

2019ರ ಆಗಸ್ಟಿನ ಮಾತದು. ಖಾನಾಪುರದ ಕಾಡಿನಲ್ಲಿ ಸುರಿದ ಮಳೆಗೆ ಸಾಗರ ತುಂಬಿತು. ಬಾಗಿಲು ತೆರೆಯದೆ ಗತಿಯಿರಲಿಲ್ಲ. ಮುನವಳ್ಳಿಯಿಂದ ರಾಮದುರ್ಗದವರೆಗೆ, ಅದರಾಚೆಗೂ, ದಂಡೆಯ ಊರುಗಳಿಗೆ ನೀರು ನುಗ್ಗಿತು. ರೈತನ ಮಣ್ಣಿನ ಮನೆ ಬಿದ್ದಿತು. ಎತ್ತುಗಳ ಹಗ್ಗ ಬಿಚ್ಚಲಷ್ಟೇ ಹೊತ್ತು ಸಿಕ್ಕಿತ್ತಂತೆ. ಎತ್ತುಗಳು ಎರಡು ದಿನದ ಮೇಲೆ ತಾವಾಗಿ ದಿಬ್ಬದ ಊರಿನಲ್ಲಿ ಸಿಕ್ಕವು. ಈ ಸೀಮೆಯ ವಿಚಿತ್ರವೆಂದರೆ, ಸಾಗರ ತುಂಬದ ವರ್ಷಗಳೇ ಹೆಚ್ಚು. ನೀರು ಸಾಲದೆ, ಸಾಲದ ನೀರಿಗೆ ಅಭಿವೃದ್ಧಿ ಕರ ಕೇಳಿದ್ದಕ್ಕೆ ರೈತರು ಎದ್ದು, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಗಿ ಪ್ರಾಣಗಳು ಹೋದವು. ಕಳಸಾ-ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆ ಹುಟ್ಟಿದ್ದೂ ಈ ಕೊರತೆಯಿಂದಲೇ. 2018ರ ಆಗಸ್ಟಿನಲ್ಲಿ ಮಹಾದಾಯಿ ನ್ಯಾಯಾಧಿಕರಣ ಅದಕ್ಕಾಗಿ 3.9 ಟಿಎಂಸಿ ಹಂಚಿತು. ತಕರಾರು ಮಾತ್ರ ತೀರ್ಪಿನೊಡನೆ ಮುಗಿಯಲಿಲ್ಲ.

ಹತ್ತಿ ವ್ಯಾಪಾರಿಗಳಲ್ಲಿ ಹಿರಿಯನು, "ಒಟ್ಟಿನ್ಯಾಗ ಕಟ್ಟೆ ಕಟ್ಟಿದ್ದು ಚಲೋನ ಆತು ಬಿಡ್ರಿ ಮಾಸ್ತರ್" ಎಂದನು. ಮಾಸ್ತರರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೋಲನ್ನು ನೀರಿನ ನಡುವೆ ಒಂದು ದಿಕ್ಕಿಗೆ ಚಾಚಿ, "ನಮ್ಮ ಮನಿ ಅಲ್ಲಿತ್ತು" ಎಂದರು.

ಬಯಲು ಮುಳುಗಿದಾಗ ಅದರೊಂದಿಗೆ ಹೊಳೆದಂಡೆಯ ಅನೇಕ ಹಳ್ಳಿಗಳೂ ಮುಳುಗಿದವು. ಅವರಿಗೆ ಆಗ ಹನ್ನೆರಡು ವರ್ಷ, ಈ ಹುಡುಗಿಯಷ್ಟೇ. ಊರಿನ ಹೆಸರನ್ನು ಅವರು ಹೇಳಲಿಲ್ಲ. ಹೊಸ ಊರಿಗೂ ಅದೇ ಹೆಸರಿಟ್ಟಿದ್ದಾರೆ, ಹೇಳಿದರೆ ನೀವು ಅಲ್ಲಿಗೆ ಹೋಗಿ ನೋಡುತ್ತೀರಿ ಎಂದರು. ಬಾಗಿಲವಾಡ, ತೊಲೆ, ಜಂತಿಗಳನ್ನೆಲ್ಲ ಕಿತ್ತು ಚಕ್ಕಡಿಗೆ ಹೇರಿದರು. ಬೀಸುವ ಕಲ್ಲನ್ನೂ ಹೇರಿದರು. ನೆಲದಲ್ಲಿ ಹೂತಿದ್ದ ಒರಳು ಮಾತ್ರ ಏಳಲಿಲ್ಲ. ಅಜ್ಜಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಬಿಟ್ಟುಬಂದಳು. ಮುಂದೆ ಒಂದು ಬರಗಾಲದ ಬೇಸಿಗೆಯಲ್ಲಿ ನೀರು ಬಹಳ ಹಿಂದೆ ಸರಿದಾಗ ಅವರು ಬಿರಿದ ಕೆಸರಿನ ಮೇಲೆ ನಡೆದು ಹೋಗಿ ನೋಡಿದರು. ಹನುಮಪ್ಪನ ಕಟ್ಟೆಯ ಅಡಿಪಾಯವಿತ್ತು, ಬಾವಿಯ ಸುತ್ತಿನ ಕಲ್ಲಿತ್ತು. ಒರಳೂ ಇತ್ತು, ಹೂಳು ತುಂಬಿಕೊಂಡು. ಕೈಯಿಂದಲೇ ಹೂಳು ತೆಗೆದು, ಅದನ್ನು ಅಲ್ಲಿಯೇ ಬಿಟ್ಟು ಬಂದರಂತೆ.

ಹುಬ್ಬಳ್ಳಿಯ ಗೃಹಿಣಿ ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುವುತ್ತ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ಮಾಸ್ತರರೇ, "ಮಜ್ಜಿಗಿ ಉಳದೈತೇನ್ರಿ?" ಎಂದು ಕೇಳಿ ಎಲ್ಲರನ್ನೂ ಹಗುರಗೊಳಿಸಿದರು.

ಸಂಜೆಗೆ ಸವದತ್ತಿ. ರಟ್ಟರ ರಾಜಧಾನಿಯಾಗಿದ್ದ ಸುಗಂಧವರ್ತಿಯೇ ಈ ಊರು. ಊರಾಚೆಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು ಹರದಾರಿ ಉದ್ದವಿರುತ್ತದೆ. ಕಂದರ ನೋಡಲು ಬರುವವರು ಆ ದಿನಗಳನ್ನು ಬಿಟ್ಟು ಬರುವುದು ಲೇಸು. ಮಳೆ ನಿಂತ ಮೇಲಿನ ಎರಡು ಮೂರು ತಿಂಗಳು ಉತ್ತಮ. ಅಂದು ಗುಡ್ಡದಲ್ಲಿ ನೂಕುನುಗ್ಗಲಿರಲಿಲ್ಲ. ದರ್ಶನ ಮುಗಿಸಿ ಬಂದವರ ಹಣೆಯ ಮೇಲೆಲ್ಲ ಭಂಡಾರ. ಇಳಿಬಿಸಿಲಿನಲ್ಲಿ ದೂರದ ಸಾಗರ ಕಂಚಿನ ತಟ್ಟೆಯಂತಿತ್ತು.

ರಾಮದುರ್ಗದ ಬಸ್ಸು ಸವದತ್ತಿಯ ನಿಲ್ದಾಣದಲ್ಲಿ ಆಗಲೇ ತುಂಬಿ ನಿಂತಿತ್ತು. ರೈತ ಕೈಚೀಲವನ್ನು ಕಿಟಕಿಯಿಂದ ಒಳಗೆ ಹಾಕಿ ಸೀಟು ಹಿಡಿದು, ಮತ್ತೆ ಕೆಳಗಿಳಿದು ಬಂದನು. ಮಾಸ್ತರರ ಫೋನ್ ನಂಬರನ್ನು ಕೇಳಿ, ಕಿತ್ತೂರಿನ ಹುಡುಗನ ಕೈಯಿಂದ ತನ್ನ ಫೋನಿನಲ್ಲಿ ಬರೆಸಿಕೊಂಡನು. "ನೀವು ಕಟ್ಟೀ ಹತ್ರಾನ ಇರ್ತೀರಿ. ಬಾಗಲಾ ತಗಿಯೂ ಸುದ್ದಿ ಬಂದ್ರ, ರಾತ್ರಿ ಎಷ್ಟಾಗಿರ್ಲಿ, ಒಂದು ಫೋನ್ ಮಾಡ್ರಿ ಮಾಸ್ತರ್."

"ಮಾಡ್ತೀನಪಾ" ಎಂದರು ಮಾಸ್ತರರು. "ನೀನು ಎತ್ತಿನ ಹಗ್ಗಾ ಸಡ್ಲನ್ನ ಕಟ್ಟು."