ಹುಡುಗನ ಹಿಂದಿರುವ ಕೋಣೆ

ಸ್ವೀಡನ್ನಿನ ಚಿತ್ರಕಾರ ಕಾರ್ಲ್ ಲಾರ್ಸನ್‌ನ ಜಲವರ್ಣವೊಂದನ್ನು ಎದುರಿಗಿಟ್ಟುಕೊಂಡು ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅದರಲ್ಲೂ ‘ಸ್ಕಾಮ್‌ವ್ರೋನ್’ ಎಂಬ ಚಿತ್ರ. ಊಟದ ಮೇಜಿನಲ್ಲಿ ತುಂಟಾಟ ಮಾಡಿ ಹೊರಗೆ ಕಳಿಸಿಕೊಂಡ ಮಗ ಪೊಂಟಸ್, ನಡುಮನೆಯ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾನೆ. ಅವನನ್ನು ಅವನ ಪಾಡಿಗೆ ಬಿಟ್ಟು ನಾನು ಕೋಣೆಯನ್ನು ನೋಡತೊಡಗುತ್ತೇನೆ. ಒಳಾಂಗಣದ ಚಿತ್ರದಲ್ಲಿ ಮನುಷ್ಯರಿಗಿಂತ ಪೀಠೋಪಕರಣಗಳೇ ಹೆಚ್ಚು ಬಾಯಿಬಿಡುತ್ತವೆ.

ಇದು ಸ್ವೀಡನ್ನಿನ ಸುಂಡ್‌ಬೋರ್ನ್ ಹಳ್ಳಿಯ ಮನೆ, ಕಾಲ 1890ರ ದಶಕ. ಆಗಿನ ಉಳ್ಳವರ ನಡುಮನೆಯೆಂದರೆ ದಪ್ಪ ಪರದೆ, ಕಡುಬಣ್ಣದ ಗೋಡೆ, ಮಖಮಲ್ಲು. ಅತಿಥಿಗಳಿಗೆಂದು ಕಾಪಾಡಿಟ್ಟ ಜಾಗ. ಇಲ್ಲಿ ಗೋಡೆ ತಿಳಿ, ಕುರ್ಚಿಗಳು ಹಿಂದಿನ ಶತಮಾನದ ಧಾಟಿಯವು, ಹೊದಿಕೆ ಪಟ್ಟೆಪಟ್ಟೆಯ ಸಾದಾ ಬಟ್ಟೆ. ಶಿಕ್ಷೆಯೆಂದು ಕಳಿಸಿದರೂ ಹುಡುಗನನ್ನು ಕೂರಿಸಿರುವುದು ಮನೆಯ ಒಳ್ಳೆಯ ಕೋಣೆಯಲ್ಲೇ! ಮಕ್ಕಳಿಗೆ ಸಲುಗೆಯಿದ್ದ ಮನೆ ಎಂಬುದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಡ. ಈ ಮನೆಯ ಚಿತ್ರಗಳು ‘ಎಟ್ ಹೆಮ್’ ಎಂಬ ಪುಸ್ತಕವಾಗಿ 1899ರಲ್ಲಿ ಬಂದವು. ಮರುವರ್ಷವೇ ಅದೇ ದೇಶದ ಲೇಖಕಿ ಎಲೆನ್ ಕೀ ಹೊಸ ಶತಮಾನವನ್ನು ಮಗುವಿನ ಶತಮಾನವೆಂದು ಕರೆದು ಪುಸ್ತಕ ಬರೆದಳು.

ಕಾರ್ಲ್ ಬೆಳೆದದ್ದು ಸ್ಟಾಕ್‌ಹೋಮಿನ ಕಡುಬಡವರ ಕೇರಿಯಲ್ಲಿ. ಸುಂಡ್‌ಬೋರ್ನ್ ಮನೆ 1888ರಲ್ಲಿ ಮಾವ ಕೊಟ್ಟದ್ದು. ಇದು ಗೊತ್ತಾದ ಮೇಲೆ ಚಿತ್ರದ ಬೆಳಕು ನನಗೆ ಬೇರೆಯೇ ಆಗಿ ಕಾಣುತ್ತದೆ. ಜಲವರ್ಣದಲ್ಲಿ ಬೆಳಕನ್ನು ಬಳಿಯಲಾಗದು. ಬಣ್ಣ ತಾಗಿಸದೆ ಬಿಟ್ಟ ಕಾಗದವೇ ಬೆಳಕು. ಇಲ್ಲಿ ಕಾರ್ಲ್ ಅದನ್ನು ಧಾರಾಳವಾಗಿ ಬಿಟ್ಟಿದ್ದಾನೆ. ಇಕ್ಕಟ್ಟಿನ ಕೋಣೆಗಳನ್ನು ಕಂಡುಂಡವನ ಧಾರಾಳ ಅದು.

ಆದರೆ ಈ ಕೋಣೆಯನ್ನು ಕಟ್ಟಿದ್ದು ಅವನೊಬ್ಬನೇ ಅಲ್ಲ. ಹೆಂಡತಿ ಕಾರಿನ್ ಕೂಡ ಸ್ಟಾಕ್‌ಹೋಮಿನ ಕಲಾ ಅಕಾಡೆಮಿಯಲ್ಲಿ ಕಲಿತ ಚಿತ್ರಕಾರ್ತಿ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡದ್ದು ಫ್ರಾನ್ಸಿನ ಗ್ರೆ ಎಂಬ ಕಲಾವಿದರ ಹಳ್ಳಿಯಲ್ಲಿ, ಮದುವೆ 1883ರಲ್ಲಿ. ಎಂಟು ಮಕ್ಕಳನ್ನು ಹೆತ್ತಳು. ಕುಂಚ ಕೈಬಿಟ್ಟಿತು, ಬಣ್ಣದ ಕಣ್ಣು ಬಿಡಲಿಲ್ಲ: ಹೊದಿಕೆ ನೇಯ್ದಳು, ಕಸೂತಿ ಹಾಕಿದಳು, ಪೀಠೋಪಕರಣಗಳಿಗೆ ವಿನ್ಯಾಸ ಮಾಡಿದಳು. ಗಂಡ ಚಿತ್ರಿಸಿದ ಬಣ್ಣಗಳಲ್ಲಿ ಎಷ್ಟೋ ಅವಳು ಮೊದಲೇ ಆರಿಸಿ ಮನೆಯೊಳಗೆ ತಂದಿಟ್ಟವು. ಮಳೆ ಹಿಡಿದ ಬೇಸಿಗೆಯೊಂದರಲ್ಲಿ ಮನೆಯ ಒಳಗನ್ನೇ ಬರಿ ಎಂದು ಅವನಿಗೆ ಹೇಳಿದ್ದೂ ಅವಳೇ ಅಂತೆ. ಅದನ್ನು ನಂಬಲು ನನಗೇನೂ ಕಷ್ಟವಿಲ್ಲ.

ಅಷ್ಟು ಚೊಕ್ಕಟವಾದ ನೆಲವನ್ನು ಒರೆಸಿದವರು ಈ ಚಿತ್ರದಲ್ಲಿಲ್ಲ. ಮನೆಕೆಲಸದವರು ಬೇರೆ ಕೆಲವು ಚಿತ್ರಗಳಲ್ಲಿ ಕಾಣಸಿಗುತ್ತಾರೆ. ಹಾಗಾಗಿ ನಾನು ಒಂದು ಚಿತ್ರಕ್ಕೆ ನಿಲ್ಲಲಾರೆ. ಮಗಳು ಸೂಸಾನ್ ಕಿಟಕಿಯ ಹೂಕುಂಡಗಳಿಗೆ ನೀರುಣಿಸುವ ‘ಬ್ಲೂಮ್‌ಸ್ಟರ್‌ಫೋನ್‌ಸ್ಟ್ರೆಟ್’ ಚಿತ್ರಕ್ಕೆ ದಾಟುತ್ತೇನೆ. ಅಲ್ಲೂ ಮೊದಲು ಹುಡುಕುವುದು ಕಾರಿನ್‌ಳ ಕೈಯನ್ನೇ.